ಬಲಗೈ ಹ್ಯಾಂಡಲಿನ ರೀಲು

ಬಂದರಿನ ಕಟ್ಟೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕ್ರೇನಕ್ಕ ಎಂದು. ವಯಸ್ಸಿನಲ್ಲಿ ಅವಳಿಗಿಂತ ಹಿರಿಯರಾದ ಲಾರಿ ಡ್ರೈವರುಗಳೂ ಹಾಗೆಯೇ ಕರೆಯುತ್ತಿದ್ದರು. ಕಬ್ಬಿಣದ ಏಣಿ ಹತ್ತಿ, ಗಾಜಿನ ಗೂಡಿನಂಥ ಕ್ಯಾಬಿನ್ನಿನಲ್ಲಿ ಕೂತು, ಮನೆಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಹಡಗಿನ ಹೊಟ್ಟೆಯಿಂದ ಎತ್ತಿ ಲಾರಿಯ ಬೆನ್ನ ಮೇಲೆ ಹೂವಿಟ್ಟಂತೆ ಇಡುವವಳು. ಕ್ರೇನಕ್ಕ ಇಳಿಸಿದರೆ ಒಳಗಿರುವ ಮೊಟ್ಟೆಗೂ ಗೊತ್ತಾಗುವುದಿಲ್ಲ ಎಂಬ ಮಾತು ಕಟ್ಟೆಯಲ್ಲಿ ಚಾಲ್ತಿಯಲ್ಲಿತ್ತು. ಆ ಮಾತು ಅವಳ ಕಿವಿಗೂ ಬಿದ್ದಿತ್ತು. ಹೊಗಳಿಕೆ ಕೇಳಿಸದವಳಂತೆ ನಟಿಸುವ ಅಭ್ಯಾಸ ಅವಳಿಗಿರಲಿಲ್ಲ. "ನಿಜ ತಾನೇ?" ಎಂದು ಕೇಳಿ ಚಹಾ ಕುಡಿಯುತ್ತಿದ್ದಳು.

ಅವಳಿಗಿದ್ದ ಒಬ್ಬನೇ ಅಣ್ಣ ಬೇಕರಿ ನಡೆಸುತ್ತಿದ್ದ. ಕೆಳಗೆ ಅಂಗಡಿ, ಹಿಂದೆ ಒಲೆಯ ಕೋಣೆ, ಮೇಲೆ ಮನೆ. ಬೆಳಕು ಹರಿಯುವ ಮುಂಚೆ ಎದ್ದು ಹಿಟ್ಟಿನೊಂದಿಗೆ ಕುಸ್ತಿ ಮಾಡುವುದು ಅವನ ಕಸುಬು. ವಾರಕ್ಕೊಂದು ದಿನ ಊರಾಚೆಯ ಕೆರೆಯ ಬಂಡೆಯ ಮೇಲೆ ನಿಂತು ಗಾಳ ಎಸೆಯುವುದು ಅವನ ಪ್ರಾಣ. ಮದುವೆಯಾದ ಹೊಸದರಲ್ಲಿ ಅತ್ತಿಗೆ, "ನನಗೊಂದು ಸವತಿ ಇದ್ದಾಳೆ, ನೀರಲ್ಲಿ ವಾಸ" ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಹೋದ ವರ್ಷ ಹಿಟ್ಟು ಲಟ್ಟಿಸುವ ಯಂತ್ರದ ಉರುಳೆಗಳ ನಡುವೆ ಅಣ್ಣನ ಎಡಗೈ ಸಿಕ್ಕಿಕೊಂಡಿತು. ವೈದ್ಯರು ಕೈಯನ್ನು ಉಳಿಸಿಕೊಟ್ಟರು. ಮೊಣಕೈ ಆಡುತ್ತಿತ್ತು, ಮಣಿಕಟ್ಟು ತಿರುಗುತ್ತಿತ್ತು. ಆದರೆ ಐದು ಬೆರಳುಗಳೂ ಮಡಚುವುದನ್ನೇ ಮರೆತವು. ಅಣ್ಣ ಅದನ್ನೂ ತಮಾಷೆಯಲ್ಲೇ ತೇಲಿಸಿದ. "ಇದು ಕೈಯಲ್ಲ ಕಣೆ, ಬ್ರೆಡ್ಡನ್ನ ಒಲೆಗೆ ತಳ್ಳೋ ಹಲಗೆ. ಮೊದಲು ಹಲಗೆ ಹುಡುಕ್ತಾ ಇದ್ದೆ, ಈಗ ಭುಜಕ್ಕೇ ಅಂಟಿಸಿಕೊಂಡಿದ್ದೀನಿ" ಎನ್ನುತ್ತಿದ್ದ. ಹಿಟ್ಟು ನಾದುವ ಕೆಲಸ ಅತ್ತಿಗೆಯ ಪಾಲಿಗೆ ಬಂತು, ಗಲ್ಲಾಪೆಟ್ಟಿಗೆ ಅಣ್ಣನ ಪಾಲಿಗೆ. ಬೇಕರಿ ಒಂದು ದಿನವೂ ಬಾಗಿಲು ಹಾಕಲಿಲ್ಲ.

ಗಾಳದ ವಿಷಯ ಬಂದರೆ ಮಾತ್ರ ಅವನು ಮಾತು ಬದಲಿಸುತ್ತಿದ್ದ. ಗಾಳದ ಕೋಲು, ದಾರ ಸುತ್ತುವ ರೀಲಿನ ಸಮೇತ, ಮೆಟ್ಟಿಲ ಕೆಳಗೆ ಪೊರಕೆಗಳ ಜೊತೆ ನಿಂತಿತ್ತು. ಒಂದು ಸಂಜೆ ಕ್ರೇನಕ್ಕ ಬಂದಾಗ ಎದುರುಮನೆಯವನು ಅಣ್ಣ ಗಾಳಕ್ಕೆ ಕಟ್ಟುತ್ತಿದ್ದ ಬಣ್ಣಬಣ್ಣದ ನಕಲಿ ಮೀನುಗಳ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಹೋಗುತ್ತಿದ್ದ.

"ಅದನ್ಯಾಕೆ ಕೊಟ್ಟೆ?" ಎಂದು ಅವಳು ಕೇಳಿದಳು.

"ಧೂಳು ತಿನ್ನುತ್ತಾ ಕೂತಿತ್ತು. ಅವನಾದ್ರೂ ಉಪಯೋಗಿಸ್ಲಿ."

"ನೀನು?"

"ರೀಲಿನ ತಂತಿ ಎತ್ತೋಕೆ ಒಂದು ಕೈ, ದಾರ ಹಿಡಿಯೋಕೆ ಇನ್ನೊಂದು ಕೈ, ಹ್ಯಾಂಡಲ್ ತಿರುಗಿಸೋಕೆ ಮತ್ತೊಂದು ಕೈ. ನನ್ನ ಹತ್ರ ಇರೋದು ಒಂದೂಕಾಲು. ಬನ್ನು ತಿಂತೀಯಾ?"

ಅವಳು ಬನ್ನು ತಿಂದಳು. ತಿನ್ನುತ್ತಾ ಮೆಟ್ಟಿಲ ಕೆಳಗೆ ನೋಡುತ್ತಲೇ ಇದ್ದಳು. ಹೊರಡುವಾಗ ಅತ್ತಿಗೆಗೆ ಕಣ್ಣು ಮಿಟುಕಿಸಿ, ಹಳೆಯ ಕೋಲನ್ನೂ ಅದರ ರೀಲನ್ನೂ ಎತ್ತಿಕೊಂಡು ಹೊರಟಳು. ಅವಳಿಗೆ ಮೀನು ಹಿಡಿಯುವುದರ ಗಂಧಗಾಳಿ ಇರಲಿಲ್ಲ. ಆದರೆ ಸುರುಳಿ, ಹಗ್ಗ, ತೂಕ, ಬ್ರೇಕು ಎಂದರೆ ಅವಳಿಗೆ ಉಸಿರಾಡಿದಷ್ಟು ಸಲೀಸು. ಒಂದು ಹಗ್ಗಕ್ಕೆ ಒಂದು ತೂಕ ಕಟ್ಟಿ ದೂರಕ್ಕೆ ಕಳಿಸಿ ವಾಪಸು ಎಳೆಯುವುದು ತಾನೇ ಎಂದುಕೊಂಡಳು.

ಗಾಳದ ಅಂಗಡಿ ಮೀನು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ಅಂಗಡಿಯವನಿಗೆ ಗಂಟುಮಾಮ ಎಂದು ಹೆಸರು ಬಿದ್ದಿತ್ತು; ಯಾರು ಹೋದರೂ ಕೊಕ್ಕೆಗೆ ದಾರ ಕಟ್ಟಿಕೊಟ್ಟೇ ಕಳಿಸುತ್ತಿದ್ದ, ಅವನು ಹಾಕಿದ ಗಂಟು ಬಿಚ್ಚಿದ ದಾಖಲೆಯೇ ಇರಲಿಲ್ಲ. ಕ್ರೇನಕ್ಕ ಹಳೆಯ ಕೋಲನ್ನು ಗಾಜಿನ ಮೇಜಿನ ಮೇಲಿಟ್ಟಳು. ಆಮೇಲೆ ಚೀಲದಿಂದ ಮರದ ಸ್ಕೇಲು ಮತ್ತು ಬಟ್ಟೆಯ ಪಟ್ಟಿ ತೆಗೆದು, ತನ್ನ ಎಡಗೈಯ ಬೆರಳುಗಳನ್ನು ಸ್ಕೇಲಿಗೆ ಬಿಗಿಯಾಗಿ ಕಟ್ಟಿಕೊಳ್ಳತೊಡಗಿದಳು.

ಗಂಟುಮಾಮ ಕನ್ನಡಕ ಮೇಲೇರಿಸಿದ. "ಏನಮ್ಮಾ ಇದು? ಗಾಯ ಆಗಿದ್ರೆ ಆಸ್ಪತ್ರೆ ಆ ಕಡೆ."

"ಗಾಯ ಏನಿಲ್ಲ. ಇಂಥ ಕೈಯವರು ಬಳಸೋ ರೀಲು ಬೇಕು. ಗಂಟು ನೀವೇ ಹಾಕಿ, ನಂಗೆ ಒಂದೇ ಕೈಯಲ್ಲಿ ಆಗ್ತಿಲ್ಲ."

ಅವನು ನಕ್ಕು ಗಂಟು ಹಾಕಿದ. ಅವಳು ಮೊದಲು ಅಣ್ಣನ ಹಳೆಯ ಸ್ಪಿನ್ನಿಂಗ್ ರೀಲನ್ನೇ ಹಿಡಿದು ನೋಡಿದಳು. ಅದು ಕೋಲಿನ ಕೆಳಗೆ ಜೋತುಬೀಳುತ್ತದೆ. ಅದರ ಕಾಂಡವನ್ನು ಬೆರಳುಗಳ ನಡುವೆ ಸಿಕ್ಕಿಸಿಕೊಳ್ಳಬೇಕು. ಬಲಗೈಯಲ್ಲಿ ಕೋಲು ಹಿಡಿದರೆ ದಾರವನ್ನು ತಡೆಯುವ ತಂತಿಯ ಕಮಾನು ಎತ್ತಲು ಎಡಗೈ ಬೇಕು. ಕಟ್ಟಿದ ಕೈಯಿಂದ ಎತ್ತಲು ಹೋದಾಗ ಕೋಲು ಜಾರಿ ಗಂಟುಮಾಮನ ಚಹಾ ಲೋಟವನ್ನು ಉರುಳಿಸಿತು. ಅಣ್ಣ ಹೇಳಿದ್ದು ಸುಳ್ಳಲ್ಲ ಎಂದು ಅವಳಿಗೆ ಅರ್ಥವಾಯಿತು.

"ಇದು ಆಗಲ್ಲ. ಬೇರೆ ಜಾತಿಯದು ಏನಿದೆ?"

ಗಂಟುಮಾಮ ಮೇಜು ಒರೆಸಿ, ಒಳಗಿನ ಕಪಾಟಿನಿಂದ ಮುಷ್ಟಿಯಷ್ಟು ದಪ್ಪದ, ನುಣ್ಣಗಿನ ಕಪ್ಪು ರೀಲೊಂದನ್ನು ತಂದ. "ಇದು ಬೇಟ್‌ಕಾಸ್ಟಿಂಗ್ ರೀಲು. ಕೋಲಿನ ಮೇಲೆ ಸವಾರಿ ಮಾಡುತ್ತೆ. ಇಲ್ಲೊಂದು ಪಟ್ಟಿ ಇದೆ ನೋಡಿ, ಅದನ್ನ ಹೆಬ್ಬೆರಳಲ್ಲಿ ಒತ್ತಿದ್ರೆ ದಾರ ಸುತ್ತಿರೋ ಉರುಳೆ ಬಿಡುಗಡೆ. ಅದೇ ಹೆಬ್ಬೆರಳು ಉರುಳೆ ಮೇಲೆ ಕೂತಿರಬೇಕು. ಎಸೆದಾಗ ಬಿಡೋದು, ನೀರು ಮುಟ್ಟಿದಾಗ ಒತ್ತೋದು. ಎಸೆಯೋಕೆ ಒಂದೇ ಕೈ ಸಾಕು. ಆದ್ರೆ ಒಂದು ಮಾತು ಹೇಳ್ತೀನಿ, ಇದು ಮುಂಗೋಪಿ. ಒಂದು ಗಳಿಗೆ ಮೈ ಮರೆತ್ರೂ ಗೀಜಗನ ಗೂಡು ಕಟ್ಟಿಬಿಡುತ್ತೆ."

"ಅಂದ್ರೆ?"

"ನಕಲಿ ಮೀನು ಗಾಳಿಯಲ್ಲಿ ನಿಧಾನ ಆಗುತ್ತೆ, ಉರುಳೆ ಮಾತ್ರ ಅದೇ ವೇಗದಲ್ಲಿ ತಿರುಗ್ತಾ ಇರುತ್ತೆ. ದಾರ ಹೋಗೋಕೆ ಜಾಗ ಇಲ್ದೆ..."

"ಉರುಳೆ ಮೇಲೇ ಸಡಿಲ ಆಗಿ ಸಿಕ್ಕಾಗುತ್ತೆ," ಎಂದು ಅವಳು ಮಾತು ಮುಗಿಸಿದಳು. "ಪೆಟ್ಟಿಗೆ ನೆಲ ಮುಟ್ಟಿದ ಮೇಲೂ ಡ್ರಮ್ಮು ತಿರುಗಿದ್ರೆ ನಮ್ಮ ಉಕ್ಕಿನ ಹಗ್ಗಾನೂ ಹಾಗೇ ಮಾಡುತ್ತೆ. ನನಗೆ ಪರಿಚಯದ ಕಾಯಿಲೆ."

ಗಂಟುಮಾಮನಿಗೆ ಈಗ ಉತ್ಸಾಹ ಬಂತು. ಒಂದೊಂದಾಗಿ ರೀಲುಗಳು ಮೇಜಿನ ಮೇಲೆ ಬಂದವು. ಬಲಗೈಯಲ್ಲಿ ಎಸೆಯುವವರಿಗೆ ಎಡಗಡೆ ಹ್ಯಾಂಡಲ್ ಇರುವುದೇ ಒಳ್ಳೆಯದು, ಕೈ ಬದಲಿಸುವ ಗೋಜಿಲ್ಲ, ಈಗ ಎಲ್ಲರೂ ಕೊಳ್ಳುವುದು ಅದನ್ನೇ ಎಂದ. ಅವಳು ಕಟ್ಟಿದ ಎಡಗೈಯಿಂದ ಆ ಹ್ಯಾಂಡಲನ್ನು ತಿರುಗಿಸಲು ನೋಡಿದಳು. ಅಂಗೈಯಿಂದ ತಳ್ಳಿದರೆ ಅರ್ಧ ಸುತ್ತು, ಆಮೇಲೆ ಜಾರು. ಬಲಗಡೆ ಹ್ಯಾಂಡಲ್ ಇರುವುದನ್ನು ತೆಗೆದುಕೊಂಡಳು. ಎಸೆದಂತೆ ಮಾಡಿ, ಕೋಲಿನ ಬುಡವನ್ನು ಎಡ ಕಂಕುಳಿಗೆ ಸಿಕ್ಕಿಸಿ, ಕೋಲಿನ ಮುಂಭಾಗವನ್ನು ಚಾಚಿದ ಎಡ ಅಂಗೈಯ ಮೇಲೆ ಮಲಗಿಸಿದಳು. ರೀಲು ಮೇಲಿದ್ದುದರಿಂದ ಬೆರಳು ಮಡಚುವ ಅಗತ್ಯವೇ ಬೀಳಲಿಲ್ಲ. ಕೋಲು ತೊಟ್ಟಿಲಲ್ಲಿ ಮಲಗಿದ ಹಾಗೆ ಮಲಗಿತು. ಬಲಗೈ ಬಿಡುವಾಗಿ ಬಂದು ಹ್ಯಾಂಡಲ್ ತಿರುಗಿಸಿತು.

"ಎಳೀರಿ," ಎಂದಳು.

ಗಂಟುಮಾಮ ಕೋಲಿನ ತುದಿ ಹಿಡಿದು ಕೆಳಕ್ಕೆ ಜಗ್ಗಿದ. ಕೋಲು ಬಾಗಿತು, ಆದರೆ ಒಂದು ಕಡೆ ಕಂಕುಳು, ಇನ್ನೊಂದು ಕಡೆ ಅಂಗೈ ಹಿಡಿದಿದ್ದರಿಂದ ಜಾಗ ಬಿಟ್ಟು ಮಿಸುಕಲಿಲ್ಲ.

"ಎಲ್ಲರೂ ಎಡಗಡೆ ಹ್ಯಾಂಡಲ್ ಕೊಳ್ಳಲಿ. ನಮಗೆ ಬಲಗಡೇದೇ. ಗೇರು ಯಾವುದು?"

"ಇದು ವೇಗದ್ದು. ಹುಡುಗರಿಗೆಲ್ಲ ಇದೇ ಬೇಕು."

"ವೇಗ ಬೇಡ. ನಿಧಾನ ಆದ್ರೂ ಭಾರ ಎಳೆಯೋದು ಕೊಡಿ. ಒಂದೇ ಕೈ ಎಲ್ಲ ಕೆಲಸ ಮಾಡ್ಬೇಕು, ಅದಕ್ಕೆ ಸುಸ್ತಾಗಬಾರದು. ಹ್ಯಾಂಡಲ್ ಉದ್ದ ಇರಲಿ, ಹಿಡಿ ದಪ್ಪ ಇರಲಿ."

ಅವನು ಒಳಗೆ ಹೋಗಿ, ಯಾರೂ ಕೇಳದೆ ಹಿಂದೆ ಸರಿದಿದ್ದ ಒಂದು ಡಬ್ಬಿಯನ್ನು ಊದಿ ತಂದ. ಅಂದಚೆಂದ ಕಡಿಮೆ, ಆದರೆ ಹ್ಯಾಂಡಲ್ ತಿರುಗಿಸಿದಾಗ ಬೆಣ್ಣೆಯಲ್ಲಿ ಚಾಕು ಇಳಿದ ಹಾಗಿತ್ತು. ಅವನು ಎಲ್ಲ ವಿವರಿಸಿದ. ಹ್ಯಾಂಡಲಿನ ಪಕ್ಕದ ಸಣ್ಣ ತಿರುಪಿನಿಂದ ಉರುಳೆಯ ಬಿಗಿ ಹೊಂದಿಸಬೇಕು: ನಕಲಿ ಮೀನನ್ನು ಜೋತುಬಿಟ್ಟು ಪಟ್ಟಿ ಒತ್ತಿದರೆ ಅದು ನಿಧಾನವಾಗಿ ಇಳಿಯಬೇಕು, ನೆಲ ಮುಟ್ಟಿದ ಕೂಡಲೇ ಉರುಳೆ ನಿಲ್ಲಬೇಕು. ನಕ್ಷತ್ರದಂಥ ತಿರುಪು, ಮೀನು ಜಗ್ಗಿದಾಗ ದಾರ ಎಷ್ಟು ಬಿಡಬೇಕು ಎಂಬುದಕ್ಕೆ. ಎಡಬದಿಯ ಗುಂಡಿ ಆಯಸ್ಕಾಂತದ ಬ್ರೇಕು. ಹೆಚ್ಚಿಸಿದರೆ ಸಿಕ್ಕಾಗುವುದಿಲ್ಲ, ಆದರೆ ದೂರವೂ ಹೋಗುವುದಿಲ್ಲ.

"ಸಿಕ್ಕಾಗದಿದ್ರೆ ಸಾಕು," ಎಂದಳು ಕ್ರೇನಕ್ಕ.

ಅವಳು ನೇರವಾಗಿ ಅಣ್ಣನ ಮನೆಗೆ ಹೋಗಲಿಲ್ಲ. ತಾನು ಓಡಿಸಿ ನೋಡದ ಯಂತ್ರವನ್ನು ಇನ್ನೊಬ್ಬರ ಕೈಗೆ ಕೊಡುವವಳಲ್ಲ ಅವಳು. ಪಾಳಿ ಮುಗಿದ ಮೇಲೆ ಕಟ್ಟೆಯ ಖಾಲಿ ಅಂಗಳದಲ್ಲಿ, ದಾರದ ತುದಿಗೆ ಕಬ್ಬಿಣದ ನಟ್ಟು ಕಟ್ಟಿಕೊಂಡು ನಿಂತಳು. ಲಾರಿ ಡ್ರೈವರುಗಳು ಬಾನೆಟ್ಟಿನ ಮೇಲೆ ಕೂತು ತಮಾಷೆ ನೋಡಿದರು. ಮೊದಲ ಎಸೆತಕ್ಕೆ ನಟ್ಟು ಆಕಾಶಕ್ಕೆ ಹೋಗಿ ಅವಳ ಹಿಂದೆ ಬಿತ್ತು. ಎರಡನೆಯದಕ್ಕೆ ಉರುಳೆ ಗುರ್ ಎಂದು ಹಕ್ಕಿಗೂಡು ಕಟ್ಟಿತು.

"ಕ್ರೇನಕ್ಕಾ, ಯಾವ ಮೀನು ಬಿತ್ತು?" ಎಂದು ಒಬ್ಬ ಕೂಗಿದ.

"ನಿನ್ನಂಥದೇ. ಬಾಯಿ ದೊಡ್ಡದು, ಮಾಂಸ ಇಲ್ಲ," ಎಂದು ಅವಳು ಸಿಕ್ಕು ಬಿಡಿಸುತ್ತಲೇ ಉತ್ತರಿಸಿದಳು.

ಅವಳ ಹೆಬ್ಬೆರಳು ಬೇಗ ಕಲಿಯಿತು. ಒತ್ತಿದರೆ ಎಸೆತ ಸಾಯುತ್ತದೆ, ಬಿಟ್ಟರೆ ದಾರ ಹುಚ್ಚಾಗುತ್ತದೆ. ಎರಡರ ನಡುವೆ, ಮಲಗಿದ ಮಗುವಿನ ಬೆನ್ನ ಮೇಲೆ ಕೈ ಇಟ್ಟಷ್ಟು ಹಗುರವಾಗಿ ಸವರುತ್ತಿರಬೇಕು. ಕೆಲವು ಸಂಜೆಗಳ ನಂತರ ಅವಳು ದೂರದ ಟೈರಿನ ನಡುವಿಗೆ ನಟ್ಟನ್ನು ಬೀಳಿಸತೊಡಗಿದಾಗ ಡ್ರೈವರುಗಳು ಬೇಜಾರಾಗಿ ಎದ್ದು ಹೋದರು.

ಅಣ್ಣನ ಬೇಕರಿಯ ಹಿಂದೆ ಉದ್ದನೆಯ ಓಣಿ. ಮಧ್ಯಾಹ್ನದ ವ್ಯಾಪಾರ ಇಳಿದ ಹೊತ್ತಿನಲ್ಲಿ ಕ್ರೇನಕ್ಕ ಅಲ್ಲಿ ಖಾಲಿ ಹಿಟ್ಟಿನ ಡಬ್ಬವೊಂದನ್ನು ದೂರಕ್ಕಿಟ್ಟು, ಹಿಂಬಾಗಿಲಲ್ಲಿ ನಿಂತು ಎಸೆಯಲು ಶುರುಮಾಡಿದಳು. ನಟ್ಟು ಡಬ್ಬಕ್ಕೆ ಬಡಿದು ಟಣ್ ಎಂದಿತು. ಇನ್ನೊಮ್ಮೆ ಟಣ್.

ಅಣ್ಣ ಹೊರಗೆ ಬಂದ. "ಏನೇ ಇದು ಗಲಾಟೆ?"

"ರೀಲು ತಂದಿದ್ದೀನಿ. ನಿನಗೆ."

"ಬೇಡ ಅಂದಿದ್ನಲ್ಲ."

"ಹಂಗಾದ್ರೆ ನನಗೆ. ನೀನು ಒಳಗೆ ಹೋಗು, ಗಿರಾಕಿ ಬಂದಿರ್ತಾರೆ."

ಅವನು ಒಳಗೆ ಹೋಗಲಿಲ್ಲ. ಚೌಕಟ್ಟಿಗೆ ಒರಗಿ ನೋಡಿದ. ಮೂವತ್ತು ವರ್ಷ ಗಾಳ ಎಸೆದವನಿಗೆ ಇನ್ನೊಬ್ಬರು ತಪ್ಪಾಗಿ ಎಸೆಯುವುದನ್ನು ನೋಡುತ್ತಾ ಸುಮ್ಮನಿರುವುದು ಹೇಗೆ ಸಾಧ್ಯ? "ಸೊಂಟ ಯಾಕೆ ತಿರುಗಿಸ್ತೀಯ? ಕೊಡಲಿ ಬೀಸ್ತಿದ್ದೀಯಾ? ಮಣಿಕಟ್ಟು ಸಾಕು," ಎಂದ. ಅವಳು ಬೇಕೆಂದೇ ಸೊಂಟವನ್ನು ಇನ್ನಷ್ಟು ತಿರುಗಿಸಿದಳು. ನಟ್ಟು ಪಕ್ಕದ ಮನೆಯ ಬಟ್ಟೆ ಒಣಗಿಸುವ ಹಗ್ಗಕ್ಕೆ ಸುತ್ತಿಕೊಂಡಿತು.

"ಅಯ್ಯೋ, ಕೊಡೇ ಇಲ್ಲಿ! ಮಾನ ಕಳೀತಾಳೆ!"

ನಟ್ಟನ್ನು ಬಿಡಿಸಿ ತರುವಾಗ ಅವಳು ಎಡಬದಿಯ ಬ್ರೇಕಿನ ಗುಂಡಿಯನ್ನು ಸದ್ದಿಲ್ಲದೆ ಕೊನೆಯವರೆಗೆ ಬಿಗಿಮಾಡಿದಳು. ಮೊದಲ ಸಲವೇ ಸಿಕ್ಕಾದರೆ ಅಣ್ಣ ಕೋಲನ್ನು ಗೋಡೆಗೆ ಒರಗಿಸಿ ಒಳಗೆ ಹೋಗಿಬಿಡುತ್ತಾನೆ, ಮತ್ತೆ ಹೊರಗೆ ಬರುವುದಿಲ್ಲ ಎಂದು ಅವಳಿಗೆ ಅನ್ನಿಸಿತ್ತು. ಆಮೇಲೆ ಕಂಕುಳ ಉಪಾಯ ತೋರಿಸಿದಳು. ಅವನು ಬಲಗೈಯಲ್ಲಿ ಎಸೆದ. ನಟ್ಟು ಓಣಿಯ ಅರ್ಧಕ್ಕೆ ಹೋಗಿ ನೆಟ್ಟಗೆ ಬಿತ್ತು. ದಾರ ಒಂದು ಎಳೆಯೂ ಕದಡಲಿಲ್ಲ. ಕೋಲು ಎಡ ಅಂಗೈಗೆ ಬಂತು, ಬಲಗೈ ಹ್ಯಾಂಡಲಿಗೆ ಬಂತು, ನಟ್ಟು ಕಲ್ಲಿನ ಮೇಲೆ ಕಟಕಟ ಎನ್ನುತ್ತಾ ವಾಪಸು ಬಂತು. ಅಣ್ಣ ಮತ್ತೆ ಎಸೆದ. ಅಂಗಡಿಯಲ್ಲಿ ಗಿರಾಕಿ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅತ್ತಿಗೆ ಹಿಟ್ಟಿನ ಕೈಯಲ್ಲೇ ಓಡಿಹೋಗಿ ಬ್ರೆಡ್ಡು ಕೊಟ್ಟು ಬಂದು, ಬಾಗಿಲ ಮರೆಯಲ್ಲಿ ನಿಂತಳು.

"ಈ ವಾರದ ರಜೆಗೆ ಕೆರೆಗೆ ಹೋಗೋಣ," ಎಂದ ಅಣ್ಣ, ಯಾರಿಗೂ ಅಲ್ಲ ಎಂಬಂತೆ.

ರಜೆಯ ದಿನ ಬೆಳಿಗ್ಗೆ ಇಬ್ಬರೂ ಕೋಲು, ಕೈಬಲೆ, ಗಂಟುಮಾಮನ ಅಂಗಡಿಯಿಂದ ತಂದ ಒಂದು ನಕಲಿ ಮೀನಿನ ಸಮೇತ ಕೆರೆಯ ಬಂಡೆಯ ಮೇಲಿದ್ದರು. ನೀರು ಕನ್ನಡಿಯಂತಿತ್ತು. ಬಂಡೆಯಿಂದ ಆಚೆ, ಮುಳುಗಿದ ಮರವೊಂದರ ಒಣ ಕೊಂಬೆಗಳು ನೀರಿನಿಂದ ಮೇಲೆ ಚಾಚಿದ್ದವು. ಅದರ ಬುಡದಲ್ಲಿ ಆಗಾಗ ನೀರು ಬುಳಕ್ ಎಂದು ಸುಳಿಯುತ್ತಿತ್ತು.

"ದೊಡ್ಡಬಾಯಿ," ಎಂದ ಅಣ್ಣ ಪಿಸುದನಿಯಲ್ಲಿ. ಆ ಕೆರೆಯಲ್ಲಿ ಮರಿಮೀನುಗಳನ್ನು ನುಂಗಿ ಬದುಕುವ ಮೀನಿಗೆ ಗಾಳದವರು ಇಟ್ಟ ಹೆಸರು ಅದು. "ಯಾವಾಗ್ಲೂ ಅಲ್ಲೇ ಇರುತ್ತೆ. ಆ ಕೊಂಬೆ ಪಕ್ಕ ಬೀಳಿಸ್ಬೇಕು."

ಅವನು ಎಸೆದ. ನಕಲಿ ಮೀನು ಅರ್ಧ ದಾರಿಯಲ್ಲೇ ನೀರಿಗೆ ಬಿತ್ತು. ಇನ್ನೂ ಜೋರಾಗಿ ಎಸೆದ. ಒಂದು ಮಾರು ಹೆಚ್ಚು ಹೋಯಿತು, ಅಷ್ಟೇ. ಬಿಸಿಲು ಏರಿತು. ಅಣ್ಣನ ಬೆನ್ನು ಒದ್ದೆಯಾಯಿತು. ಕೊಂಬೆಯ ಬುಡದಲ್ಲಿ ನೀರು ಸುಳಿಯುತ್ತಲೇ ಇತ್ತು. ಅಣ್ಣ ಮೈಯೆಲ್ಲ ಬಳಸಿ, ಮೊನ್ನೆ ತಂಗಿಗೆ ಬೇಡವೆಂದು ಬೈದಿದ್ದ ಹಾಗೆಯೇ ಸೊಂಟ ತಿರುಗಿಸಿ ಎಸೆದ. ಆಗಲೂ ಅಷ್ಟೇ.

ಅವನು ಕೋಲನ್ನು ಇಳಿಸಿದ. ಬಲಗೈಯನ್ನು ಎತ್ತಿ, ಯಾರದೋ ಕೈ ಎಂಬಂತೆ ನೋಡಿದ.

"ಇದೂ ಹೋಯ್ತು ಅನ್ಸುತ್ತೆ ಕಣೆ. ಹಿಟ್ಟು ನಾದೋದು ಬಿಟ್ಟು ವರ್ಷ ಆಯ್ತಲ್ಲ, ಕಸುವು ಇಳಿದಿದೆ. ಮೊದಲು ಈ ಮರದಾಚೆಗೆ ಎಸೀತಿದ್ದೆ ನಾನು."

ಕ್ರೇನಕ್ಕನಿಗೆ ಗೊತ್ತಿತ್ತು, ಅವನ ಬಲಗೈಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆ ಇದ್ದದ್ದು ಆ ಗುಂಡಿಯಲ್ಲಿ. ಹೇಳಬೇಕೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅಣ್ಣ ರೀಲನ್ನು ತಿರುವಿ ಹಿಡಿದು ಅದರ ಎಡಬದಿಯನ್ನು ನೋಡುತ್ತಿದ್ದ. ಹೆಬ್ಬೆರಳಿನಿಂದ ಗುಂಡಿಯನ್ನು ಮುಂದಕ್ಕೆ ತಳ್ಳಿದ. ಅದು ಹೋಗಲಿಲ್ಲ. ಹೋಗಲು ಜಾಗವೇ ಇರಲಿಲ್ಲ.

"ಇದು ಬ್ರೇಕಾ?"

"ಹೂಂ."

"ಪೂರ್ತಿ ಬಿಗಿ ಇದೆ."

"ಹೂಂ."

"ನೀನು ಎಸೆಯೋವಾಗ ಎಲ್ಲಿಟ್ಟಿದ್ದೆ?"

ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಅರ್ಧಕ್ಕೆ. ಆಮೇಲೆ ಅದಕ್ಕಿಂತ ಕಡಿಮೆ."

ಅಣ್ಣನ ಮುಖ ಕೆಂಪಾಯಿತು. ಅವನಿಗೆ ಕೋಪ ಬರುವುದು ಅಪರೂಪ. ಬಂದರೆ ದನಿ ಏರುವ ಬದಲು ಇಳಿಯುತ್ತಿತ್ತು. "ಅಲ್ಲಾ, ಬೆಳಿಗ್ಗೆಯಿಂದ ನೋಡ್ತಾ ನಿಂತಿದ್ದೀಯಲ್ಲ. ನನ್ನ ಕೈಯೇ ಸತ್ತುಹೋಯ್ತು ಅಂದ್ಕೊಂಡೆ ನಾನು."

"ಸಿಕ್ಕಾದ್ರೆ ನೀನು ಬೇಜಾರು ಮಾಡ್ಕೊಂಡು ಬಿಟ್ಟುಬಿಡ್ತೀಯ ಅಂತ..."

"ಸಿಕ್ಕಾದ್ರೆ ಬಿಡಿಸ್ತೀನಿ! ನನ್ನ ಸಿಕ್ಕು, ನಾನು ಬಿಡಿಸ್ಕೋತೀನಿ. ನಾನೇನು ನಿನ್ನ ಕ್ರೇನಿಗೆ ನೇತಾಕಿರೋ ಪೆಟ್ಟಿಗೇನಾ? ನಿಧಾನಕ್ಕೆ ಇಳಿಸ್ತಾಳಂತೆ!"

ಏನೇ ಆದರೂ ಬೀಳಬಾರದು, ತಗುಲಬಾರದು, ಒಡೆಯಬಾರದು ಎಂಬುದು ಅವಳ ಕಸುಬಿನ ಮೊದಲ ಪಾಠ. ಆ ಪಾಠದಿಂದಲೇ ಅವಳು ಹೆಸರು ಗಳಿಸಿದ್ದಳು. ಅದು ಅಣ್ಣನ ಮೇಲೆ ಇಷ್ಟು ಭಾರವಾಗಿ ಕೂರುತ್ತದೆಂದು ಅವಳಿಗೆ ಹೊಳೆದಿರಲಿಲ್ಲ. "ತಪ್ಪಾಯ್ತು," ಎಂದಳು. ಕಟ್ಟೆಯಲ್ಲಿ ಅವಳ ಬಾಯಿಂದ ಆ ಮಾತು ಕೇಳಿದವರು ಯಾರೂ ಇರಲಿಲ್ಲ.

ಅಣ್ಣ ಗುಂಡಿಯನ್ನು ಒಂದೇ ಸಲ ಹಿಂದಕ್ಕೆ, ಕೊನೆಯವರೆಗೂ ತಿರುಗಿಸಿದ.

"ಅಷ್ಟು ಸಡಿಲ ಬೇಡ..." ಎನ್ನಹೊರಟು ಅವಳು ತುಟಿ ಕಚ್ಚಿಕೊಂಡಳು.

ಅವನು ಎಸೆದ. ಉರುಳೆ ಕಣಜದ ಹುಳುವಿನಂತೆ ಝೇಂಕರಿಸಿತು. ನಕಲಿ ಮೀನು ಹಾರಿತು, ಹಾರುತ್ತಲೇ ತಟ್ಟನೆ ಹಿಂದಕ್ಕೆ ಎಳೆದಂತಾಗಿ ನೀರಿಗೆ ಬಿತ್ತು. ರೀಲಿನ ಬಾಯಿಂದ ದಾರ ಸೇವಂತಿಗೆ ಹೂವಿನಂತೆ ಅರಳಿ ನಿಂತಿತ್ತು. ಗಂಟುಮಾಮ ಹೇಳಿದ್ದ ಗೂಡುಗಳಲ್ಲೆಲ್ಲ ಇದೇ ದೊಡ್ಡದಿರಬೇಕು.

ಅಣ್ಣ ಬಂಡೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ರೀಲನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡ. ಬಲಗೈಯ ತೋರುಬೆರಳಿನಿಂದ ಒಂದು ಕುಣಿಕೆ ಎತ್ತಿ, ಅದನ್ನು ಹಲ್ಲಿನಲ್ಲಿ ಹಿಡಿದು, ಇನ್ನೊಂದನ್ನು ಹುಡುಕಿದ. ಎಡಗೈಯ ನೆಟ್ಟಗಿನ ಬೆರಳುಗಳನ್ನು ಗೂಟದಂತೆ ನಿಲ್ಲಿಸಿ, ಬಿಡಿಸಿದ ದಾರವನ್ನು ಅದಕ್ಕೇ ಸುತ್ತುತ್ತಾ ಹೋದ. ಕ್ರೇನಕ್ಕನ ಎರಡು ಕೈಗಳೂ ಚಡಪಡಿಸುತ್ತಿದ್ದವು. ಅವುಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಳು. ಅರ್ಧಕ್ಕೆ ಬಂದಾಗ ಅಣ್ಣ ದಾರ ಕಚ್ಚಿದ ಹಲ್ಲುಗಳ ನಡುವಿಂದಲೇ, "ಬನ್ನು ತಂದಿದ್ದೀಯಾ?" ಎಂದು ಕೇಳಿದ. ದನಿ ಎಂದಿನಂತಾಗಿತ್ತು.

"ಬೇಕರಿಯವನು ನೀನು. ನಾನ್ಯಾಕೆ ತರ್ಲಿ?"

"ಒಳ್ಳೆ ತಂಗಿ."

ಕೊನೆಯ ಕುಣಿಕೆಯೂ ಬಿಚ್ಚಿಕೊಂಡಿತು. ಅವನು ಎದ್ದು ದಾರವನ್ನು ಬಿಗಿಯಾಗಿ ಸುತ್ತಿಕೊಂಡ, ಗುಂಡಿಯನ್ನು ಸ್ವಲ್ಪ ಬಿಗಿ ಮಾಡಿದ, ಎಸೆದು ನೋಡಿದ, ಇನ್ನು ಸ್ವಲ್ಪ ಸಡಿಲಿಸಿದ. ಎಷ್ಟಕ್ಕೆ ಇಟ್ಟೆ ಎಂದು ಅವಳು ಕೇಳಲಿಲ್ಲ. ಅವನ ಹೆಬ್ಬೆರಳು ಉರುಳೆಯನ್ನು ಮುಟ್ಟಿಯೂ ಮುಟ್ಟದಂತೆ ಸವರುತ್ತಿರುವುದು ಅವಳಿಗೆ ಕಾಣುತ್ತಿತ್ತು. ಅವಳು ಸಂಜೆಗಟ್ಟಲೆ ಬೆವರು ಸುರಿಸಿ ಕಲಿತದ್ದನ್ನು ಹಿಟ್ಟಿನ ಹದ ನೋಡಿ ಪಳಗಿದ ಬೆರಳು ಆಗಲೇ ಹಿಡಿದುಬಿಟ್ಟಿತ್ತು. ಮುಂದಿನ ಎಸೆತದಲ್ಲಿ ನಕಲಿ ಮೀನು ಉದ್ದಕ್ಕೆ ತೇಲಿಹೋಗಿ ಒಣ ಕೊಂಬೆಯ ಪಕ್ಕದಲ್ಲಿ, ಎಲೆ ಉದುರಿದಷ್ಟೇ ಸದ್ದು ಮಾಡಿ ಇಳಿಯಿತು.

ಅಣ್ಣ ಕೋಲನ್ನು ಕಂಕುಳಿಗೆ ತಂದು, ಅಂಗೈ ಮೇಲೆ ಮಲಗಿಸಿ, ಹ್ಯಾಂಡಲನ್ನು ಎರಡು ಸುತ್ತು ತಿರುಗಿಸಿದ್ದನಷ್ಟೇ. ಕೋಲು ಬಿಲ್ಲಾಯಿತು.

"ಬಂತು!"

ರೀಲು ಕರ್ ಎಂದು ದಾರ ಬಿಟ್ಟುಕೊಟ್ಟಿತು. ಮೀನು ಮರದ ಬೇರುಗಳ ಕಡೆ ನುಗ್ಗುತ್ತಿತ್ತು; ಅಲ್ಲಿ ಹೊಕ್ಕರೆ ದಾರ ಕಡಿದಂತೆಯೇ. ಕೋಲಿನ ಬುಡ ಅಣ್ಣನ ಕಂಕುಳಿನಿಂದ ಜಾರತೊಡಗಿತು. ಕ್ರೇನಕ್ಕ ಒಂದೇ ನೆಗೆತಕ್ಕೆ ಎದ್ದು ಕೈ ಚಾಚಿದಳು.

"ಮುಟ್ಟಬೇಡ!"

ಅವಳು ಚಾಚಿದ ಕೈಯನ್ನು ಹಾಗೆಯೇ ಗಾಳಿಯಲ್ಲಿ ನಿಲ್ಲಿಸಿದಳು.

ಅಣ್ಣ ಮೊಣಕೈಯಿಂದ ಕೋಲನ್ನು ಪಕ್ಕೆಲುಬಿಗೆ ಅದುಮಿ, ಬಂಡೆಯ ಮೇಲೆ ಎರಡು ಹೆಜ್ಜೆ ಬಲಕ್ಕೆ ಸರಿದ. ನಕ್ಷತ್ರದ ತಿರುಪನ್ನು ಒಂದಿಷ್ಟು ಬಿಗಿ ಮಾಡಿದ. ಕೋಲಿನ ತುದಿಯನ್ನು ನೀರಿಗೆ ಸಮನಾಗಿ ಮಲಗಿಸಿ, ಮೀನನ್ನು ಬೇರುಗಳಿಂದ ಓರೆಯಾಗಿ ಆಚೆಗೆ ಎಳೆದ. ಆ ನಿಧಾನದ ಗೇರು ಒಂದೊಂದೇ ಸುತ್ತಾಗಿ, ಹಠಮಾರಿ ಎತ್ತನ್ನು ಕೊಟ್ಟಿಗೆಗೆ ತರುವಂತೆ, ಮೀನನ್ನು ತಂದಿತು. ಮೀನು ಒಮ್ಮೆ ನೀರಿನಿಂದ ಮೇಲಕ್ಕೆ ಚಿಮ್ಮಿ ತಲೆ ಕೊಡವಿತು. ದೊಡ್ಡಬಾಯಿ ಎಂಬ ಹೆಸರಿಗೆ ಮೋಸವಿರಲಿಲ್ಲ.

"ಈಗ ಬಲೆ ಹಿಡಿ," ಎಂದ ಅಣ್ಣ. "ತಲೆ ಕಡೆಯಿಂದ. ಬಾಲದ ಕಡೆ ಹೋಗ್ಬೇಡ."

ಅವಳು ಮೊಣಕಾಲವರೆಗೆ ನೀರಿಗಿಳಿದು, ಹೇಳಿದಷ್ಟನ್ನೇ ಮಾಡಿದಳು. ಬಲೆ ಎತ್ತಿದಾಗ ಅದರ ಭಾರಕ್ಕೆ ಅವಳಿಗೆ ನಗು ಬಂತು. ದಿನಾ ಅಷ್ಟೊಂದು ಎತ್ತುವವಳು, ಇಂಥದೊಂದನ್ನು ಎಂದೂ ಎತ್ತಿರಲಿಲ್ಲ. ಅಣ್ಣ ಬಂಡೆಯ ಮೇಲೆ ಕುಸಿದು ಕೂತು, ಬಾಯಿ ತೆರೆದು ಉಸಿರಾಡುತ್ತಾ, ಎಡಗೈಯಿಂದ ಮೀನಿನ ಒದ್ದೆ ಬೆನ್ನನ್ನು ಒಂದು ಸಲ ತಟ್ಟಿದ.

"ಗೇರು ಚೆನ್ನಾಗಿ ಆರಿಸಿದ್ದೀಯ," ಎಂದ.

"ನಿಜ ತಾನೇ?" ಎಂದಳು ಅವಳು.

ಆ ರಾತ್ರಿ ಊಟಕ್ಕೆ ಎದುರುಮನೆಯವನನ್ನೂ ಕರೆದರು. ಅವನು ತಲೆ ಕೆರೆದುಕೊಳ್ಳುತ್ತಾ ಡಬ್ಬಿಯನ್ನು ವಾಪಸು ತಂದುಕೊಟ್ಟ. ಅದರಲ್ಲಿದ್ದ ಎರಡು ನಕಲಿ ಮೀನುಗಳನ್ನು ಅವನು ಅದಾಗಲೇ ಕಳೆದುಹಾಕಿದ್ದ.

ಮುಂದಿನ ರಜೆಯ ದಿನ ಕ್ರೇನಕ್ಕ ಸ್ಕೂಟರು ತೊಳೆದುಕೊಂಡು, ಟೋಪಿ ಹಾಕಿಕೊಂಡು, ಅಣ್ಣನನ್ನು ಕರೆದೊಯ್ಯಲು ಬಂದಳು. ಅಂಗಡಿಯಲ್ಲಿ ಅತ್ತಿಗೆ ಒಬ್ಬಳೇ ಇದ್ದಳು.

"ಮೊದಲನೇ ಬಸ್ಸಿಗೇ ಹೋದ್ರು," ಎಂದಳು ಅತ್ತಿಗೆ. "ನಿನಗೋಸ್ಕರ ಕಾಯ್ರಿ ಅಂದೆ. ಅವಳು ಪಕ್ಕದಲ್ಲಿದ್ರೆ ಮೀನಿಗೆ ಭಯ ಆಗುತ್ತೆ ಅಂದ್ರು."

ಕ್ರೇನಕ್ಕ ಟೋಪಿ ತೆಗೆದಳು. ಆದದ್ದು ಬೇಸರವೋ ಸಂತೋಷವೋ ಅವಳಿಗೇ ಗೊತ್ತಾಗಲಿಲ್ಲ. ಗಿರಾಕಿಗಳು ಬರುತ್ತಿದ್ದರು. ಅವಳು ಗಲ್ಲಾದ ಹಿಂದೆ ಕೂತಳು, ಬಿಸಿ ಬ್ರೆಡ್ಡುಗಳನ್ನು ಕಾಗದದಲ್ಲಿ ಸುತ್ತಿಕೊಟ್ಟಳು. ಅತ್ತಿಗೆಯ ಮೊಣಕೈವರೆಗಿನ ಹಿಟ್ಟನ್ನೂ ಕಣ್ಣ ಕೆಳಗಿನ ಕಪ್ಪನ್ನೂ ಅಂದು ಮೊದಲ ಬಾರಿಗೆ ಸರಿಯಾಗಿ ನೋಡಿದಳು.

ಸಂಜೆಗೆ ಅಣ್ಣ ಬಂದ. ಮೂಗು ಬಿಸಿಲಿಗೆ ಸುಟ್ಟಿತ್ತು, ಹೆಬ್ಬೆರಳ ಮೇಲೆ ದಾರ ಉಜ್ಜಿದ ಕೆಂಪು ಗೆರೆ ಎದ್ದಿತ್ತು, ಪ್ಯಾಂಟು ಸೊಂಟದವರೆಗೆ ಒದ್ದೆ.

"ಮೀನು?" ಎಂದು ಕೇಳಿದಳು ತಂಗಿ.

"ಒಂದೂ ಇಲ್ಲ. ಎರಡು ಸಲ ಗೂಡು ಕಟ್ತು, ಒಂದು ನಕಲಿ ಮೀನು ಮರಕ್ಕೆ ಹೋಯ್ತು, ತೆಗೆಯೋಕೆ ಹೋಗಿ ನಾನು ನೀರಿಗೆ ಹೋದೆ." ಹೀಗೆ ಹೇಳುವಾಗ ಅವನ ಮುಖ ಹಬ್ಬದಂತಿತ್ತು. "ಗಂಟುಮಾಮನ ಹತ್ರ ಹೋಗ್ಬೇಕು. ಇನ್ನೂ ಗಟ್ಟಿ ದಾರ ಬೇಕು. ನೀನು ಬರ್ಬೇಡ, ನಾನೇ ಆರಿಸ್ತೀನಿ."

"ನಾನ್ಯಾಕೆ ಬರ್ಲಿ? ನನಗೆ ಕೆಲಸ ಇದೆ."

ಒಲೆಯ ಕೋಣೆಯಿಂದ ಅತ್ತಿಗೆ ಹೊರಗೆ ಬಂದಳು. ಏಪ್ರನ್ನು ಬಿಚ್ಚಿ ಮಡಚಿ ಗಲ್ಲಾದ ಮೇಲಿಟ್ಟಳು.

"ಅಣ್ಣತಂಗಿಯರ ಮಾತು ಮುಗೀತಾ? ಹಂಗಾದ್ರೆ ನನ್ನದೂ ಕೇಳಿ. ಮುಂದಿನ ವಾರದ ರಜೆ ನನ್ನದು. ನಾನು ಮಲಗ್ತೀನಿ. ಬೇಕರಿ ನಿಮ್ಮಿಬ್ಬರದು."

"ಅತ್ತಿಗೆ, ನನಗೆ ಹಿಟ್ಟು ನಾದೋಕೆ ಬರಲ್ಲ," ಎಂದಳು ಕ್ರೇನಕ್ಕ.

"ಅದಕ್ಕೇನಂತೆ? ನಿಮ್ಮಣ್ಣ ಪಕ್ಕದಲ್ಲಿ ನಿಂತು ಹೇಳಿಕೊಡ್ತಾರೆ. ಅವರು ಬೈದ್ರೆ ಬೈಸ್ಕೋ," ಎಂದು ಅತ್ತಿಗೆ ಮೆಟ್ಟಿಲು ಹತ್ತಿ ಹೋದಳು.

ಮುಂದಿನ ವಾರ ಹಾಗೆಯೇ ಆಯಿತು. ಮೊದಲ ಒಬ್ಬೆಯ ಬ್ರೆಡ್ಡು ಇಟ್ಟಿಗೆಯಾಯಿತು, ಎರಡನೆಯದನ್ನು ಗಿರಾಕಿಗಳು ಮರ್ಯಾದೆಗೆ ಕೊಂಡರು, ಮೂರನೆಯದು ನಿಜವಾಗಿಯೂ ಚೆನ್ನಾಗಿತ್ತು. ಮೇಲಿನ ಕೋಣೆಯಲ್ಲಿ ಕಿಟಕಿಯ ಪರದೆ ಎಳೆದುಕೊಂಡು ಅತ್ತಿಗೆ ಮಧ್ಯಾಹ್ನದವರೆಗೂ ನಿದ್ದೆ ಹೊಡೆದಳು.